ಬೇಸ್ ಗುಂಯ್ ಅನ್ನುತ್ತಿದೆಯೇ? ಸ್ಪೀಕರನ್ನು ಬೈಯುವ ಮೊದಲು ಗೋಡೆ ನೋಡಿ

ಅಂಗಡಿಯಲ್ಲಿ ಕೇಳಿದಾಗ ಎದೆಗೆ ತಟ್ಟುತ್ತಿದ್ದ ಬೇಸ್, ಅಂದರೆ ಹಾಡಿನ ಕೆಳದನಿ, ಮನೆಗೆ ಬಂದ ಮೇಲೆ ಗುಂಯ್ ಅನ್ನತೊಡಗುತ್ತದೆ. ತಬಲದ ಎಡ, ಬೇಸ್ ಗಿಟಾರ್, ಗಂಡಸಿನ ದನಿ ಎಲ್ಲ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಆಗ ಕೆಲವರು ಸ್ಪೀಕರೇ ಸರಿಯಿಲ್ಲ ಎಂದು ವಾಪಸ್ ಕಳಿಸುತ್ತಾರೆ. ಇನ್ನು ಕೆಲವರು ಸಬ್‌ವೂಫರ್ (ಬರೀ ಬೇಸ್ ನುಡಿಸುವ ಸ್ಪೀಕರ್) ಹಾಕಿದರೆ ಸರಿಹೋದೀತು ಎಂದು ಮತ್ತಷ್ಟು ದುಡ್ಡು ಸುರಿಯುತ್ತಾರೆ. ಬೆಂಗಳೂರಿನ ಮನೆಗಳ ಮಟ್ಟಿಗೆ ಎರಡೂ ಅವಸರದ ಕೆಲಸ. ಕಾಂಕ್ರೀಟ್ ಬ್ಲಾಕಿನ ಗೋಡೆ, ವಿಟ್ರಿಫೈಡ್ ಟೈಲ್ಸೋ ಗ್ರಾನೈಟೋ ಹಾಸಿದ ನೆಲ, ಮೇಲೆ ಆರ್‌ಸಿಸಿ ಸೂರು. ಇವು ಕೆಳದನಿಯನ್ನು ಹೀರಿಕೊಳ್ಳುವುದೇ ಇಲ್ಲ, ಬಂದಷ್ಟನ್ನೂ ಕೋಣೆಯೊಳಕ್ಕೇ ವಾಪಸ್ ಎಸೆಯುತ್ತವೆ. ನೀವು ಕೇಳುತ್ತಿರುವುದರಲ್ಲಿ ಸ್ಪೀಕರಿನ ಪಾಲೆಷ್ಟು, ಕೋಣೆಯ ಪಾಲೆಷ್ಟು ಎಂದು ಮೊದಲು ಬಿಡಿಸಿಕೊಳ್ಳಬೇಕು.

ಇಲ್ಲಿ ಹೇಳಿರುವ ಕ್ರಮದಲ್ಲೇ ಹೋಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸ್ಪೀಕರ್ ಜರುಗಿಸಿ, ಈಕ್ವಲೈಜರ್ (ಕೆಳದನಿ, ಮೇಲ್ದನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಪಟ್ಟಿಗಳು) ತಿರುಗಿಸಿ, ಸೋಫಾನೂ ಎಳೆದು ಕೂತರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಹಾಡು ಅದೇ ಇರಲಿ, ವಾಲ್ಯೂಮೂ ಅದೇ ಇರಲಿ. ವಾಲ್ಯೂಮ್ ಒಂದು ಗೆರೆ ಏರಿದರೂ ಕಿವಿಗೆ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಯಾವ ಬಗೆಯ ತೊಂದರೆ?

ಬೇಸ್ ಸರಿಯಿಲ್ಲ ಎಂಬ ಒಂದೇ ದೂರಿನೊಳಗೆ ಬೇರೆಬೇರೆ ತೊಂದರೆಗಳಿರುತ್ತವೆ, ಮದ್ದೂ ಬೇರೆಬೇರೆ. ಹಾಡಿನಲ್ಲಿ ಯಾವುದೋ ಒಂದು ಸ್ವರ ಬಂದಾಗ ಮಾತ್ರ ಹಾಲ್ ತುಂಬಾ ಮೊಳಗಿ, ಉಳಿದ ಸ್ವರಗಳಿಗೆ ಸುಮ್ಮನಿದ್ದರೆ ಅದು ಕೋಣೆಯ ಕೆಲಸ. ಎಲ್ಲ ಸ್ವರಗಳೂ ಒಂದೇ ಸಮನೆ ದಪ್ಪಗೆ ಕೇಳಿ, ಮಾತಾಡುವವರು ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿದ್ದರೆ ಸ್ಪೀಕರ್ ಇಟ್ಟ ಜಾಗವನ್ನೋ ಸೆಟ್ಟಿಂಗನ್ನೋ ಅನುಮಾನಿಸಿ. ಬೇಸ್ ಹೆಚ್ಚಾಗಿಲ್ಲ, ಆದರೆ ತಾಳದ ಝಣಕು, ಸ–ಶಗಳ ಮೊನೆ ಇವೆಲ್ಲ ಸತ್ತು ಮಂಕಾಗಿದ್ದರೆ ಮೇಲ್ದನಿ ಎಲ್ಲೋ ಕಳೆದುಹೋಗಿದೆ ಎಂದರ್ಥ. ಅದನ್ನೂ ಜನ ಬೇಸ್ ಜಾಸ್ತಿ ಎಂದೇ ತಿಳಿಯುತ್ತಾರೆ. ಜರ್ ಜರ್ ಸದ್ದು ಬೆರೆತಿದ್ದರೆ ಒಂದೋ ಸ್ಪೀಕರಿನ ಕೋನ್ (ಅದುರಿ ಸದ್ದು ಹೊರಡಿಸುವ ಭಾಗ) ಕೆಟ್ಟಿದೆ, ಇಲ್ಲವೇ ಮನೆಯಲ್ಲಿ ಯಾವುದೋ ಸಾಮಾನು ಅದುರುತ್ತಿದೆ.

ಕೇಳಿ ನೋಡಲು ಎರಡು ಧ್ವನಿಮುದ್ರಣ ಸಾಕು. ಒಂದು, ಗಂಡಸೊಬ್ಬರು ಓದುವ ವಾರ್ತೆ ಅಥವಾ ಭಾಷಣ. ಗಂಡಸಿನ ದನಿಯ ತಳ ಸಾಮಾನ್ಯವಾಗಿ 85ರಿಂದ 180 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ನಡುವೆ ಇರುತ್ತದೆ. ಬೇಸ್ ಕೆಡುವುದೂ ಹೆಚ್ಚಾಗಿ ಇಲ್ಲೇ, ಇದರ ತುಸು ಮೇಲೆ 250–300ರವರೆಗೆ. ಎದೆ ನಡುಗಿಸುವ 40–50 ಹರ್ಟ್ಜ್ ಆಳದ ಬೇಸ್‌ಗೆ ಸುಮ್ಮನೆ ಕೆಟ್ಟ ಹೆಸರು. ಚಿಕ್ಕ ವೈರ್‌ಲೆಸ್ ಸ್ಪೀಕರುಗಳು ಅಷ್ಟು ಕೆಳಗೆ ಇಳಿಯುವುದೂ ಇಲ್ಲ.

ಎರಡನೆಯದು ಚೆನ್ನಾಗಿ ಮುದ್ರಣವಾದ ಕಛೇರಿಯ ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ. ಮೃದಂಗದ ಎಡಗಡೆಗೆ ರವೆ ಕಲಸಿ ಹಚ್ಚುವುದೇ ಆ ಮುಖದ ನಾದ ಕೆಳಗಿಳಿದು ತುಂಬಿಕೊಳ್ಳಲಿ ಎಂದು. ಅಲ್ಲಿ ಹುಟ್ಟುವ ಪ್ರತಿ ‘ತೋಂ’ಗೂ ಒಂದು ಶುರು, ಒಂದು ಕೊನೆ ಇರುತ್ತದೆ. ವಿದ್ವಾಂಸರು ಅಂಗೈ ಒತ್ತಿ ಗುಮ್ಕಿ ಎಳೆದಾಗ ಆ ಸ್ವರ ಮೇಲಕ್ಕೆ ಜಾರುವುದು ಕಿವಿಗೆ ಗೊತ್ತಾಗಬೇಕು. ಅದರ ಬದಲು ಎಲ್ಲ ಏಟೂ ಒಂದೇ ಸ್ವರದ ‘ಧಂ’ ಆಗಿ, ಒಂದರ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡಿದ್ದರೆ ತೊಂದರೆ ಖಚಿತ. ಇದನ್ನೇ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ. ಅಲ್ಲೂ ಹಾಗೇ ಇದ್ದರೆ ಮುದ್ರಣವೇ ಅಷ್ಟು. ಕ್ಯಾಸೆಟ್ಟಿನಿಂದ ಇಳಿಸಿಕೊಂಡು, ‘ಬೇಸ್ ಬೂಸ್ಟೆಡ್’ ಎಂದು ಹೆಸರಿಟ್ಟು ಹಾಕಿರುವ ಹಳೆಯ ಹಾಡುಗಳನ್ನು ಪರೀಕ್ಷೆಗೆ ಇಟ್ಟುಕೊಳ್ಳಲೇಬೇಡಿ.

ಫೋನಿನೊಳಗೆ ಅಡಗಿರುವ ಬೇಸ್

ಹಾಡು ಫೋನಿನಿಂದ ಹೊರಟು ಸ್ಪೀಕರ್ ತಲುಪುವುದರೊಳಗೆ ಎಷ್ಟು ಕಡೆ ಬೇಸ್ ಸೇರುತ್ತದೆ ಎಂದು ನೋಡಿದರೆ ಗಾಬರಿಯಾಗುತ್ತದೆ. ಫೋನಿನ ಸೌಂಡ್ ಸೆಟ್ಟಿಂಗಿನಲ್ಲಿ ಒಂದು ಈಕ್ವಲೈಜರ್, ಪಕ್ಕದಲ್ಲೇ ಡಾಲ್ಬಿ ಅಟ್ಮಾಸ್ ಸ್ವಿಚ್. ಹಾಡಿನ ಆ್ಯಪ್‌ನಲ್ಲಿ ಇನ್ನೊಂದು ಈಕ್ವಲೈಜರ್. ಸ್ಪೀಕರ್ ಕಂಪನಿಯ ಆ್ಯಪ್‌ನಲ್ಲಿ ಮತ್ತೊಂದು. ಸ್ಪೀಕರಿನ ಬೆನ್ನ ಮೇಲೆ ‘ಬೇಸ್’ ಎಂಬ ಗುಂಡಿ ಬೇರೆ. ಟಿವಿಗೆ ಸೇರಿಸಿದ ಸೌಂಡ್‌ಬಾರ್ ಆದರೆ ಟಿವಿಯ ಸೌಂಡ್ ಮೋಡ್, ಬಾರಿನ ಮೂವಿ ಮೋಡ್. ಮನೆಯಲ್ಲಿ ಯಾರೋ ಯಾವತ್ತೋ ಒತ್ತಿ ಮರೆತದ್ದೆಲ್ಲ ಒಂದರ ಮೇಲೊಂದು ಕೂತಿರುತ್ತದೆ.

ಎಲ್ಲವನ್ನೂ ಆಫ್ ಮಾಡಿ, ಬೇಸ್–ಟ್ರೆಬಲ್ ಪಟ್ಟಿಗಳನ್ನೆಲ್ಲ ಸೊನ್ನೆಗೆ ತನ್ನಿ. ಹೀಗೆ ಕೇಳಿದಾಗ ಮೊದಲ ಹತ್ತು ನಿಮಿಷ ಸಪ್ಪೆ ಅನ್ನಿಸುವುದು ಸಹಜ, ಕಿವಿ ಹಳೆಯ ರುಚಿಗೆ ಒಗ್ಗಿರುತ್ತದೆ. ಸ್ವಲ್ಪ ತಡೆಯಿರಿ.

ಇದರಲ್ಲಿ ‘ಲೌಡ್‌ನೆಸ್’ ಎಂಬ ಸ್ವಿಚ್ಚಿನ ಮೇಲೆ ಒಂದು ಕಣ್ಣಿರಲಿ. ಸೌಂಡ್ ಕಮ್ಮಿ ಇದ್ದಾಗ ನಮ್ಮ ಕಿವಿಗೆ ಕೆಳದನಿ ಸರಿಯಾಗಿ ಕೇಳಿಸುವುದಿಲ್ಲ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಆ ಕೊರತೆ ತುಂಬಲು ಲೌಡ್‌ನೆಸ್ ಬೇಸ್ ಎತ್ತಿಕೊಡುತ್ತದೆ. ರಾತ್ರಿ ಮೆಲ್ಲಗೆ ಕೇಳುವವರಿಗೆ ಇದು ಒಳ್ಳೆಯದೇ. ಆದರೆ ವಾಲ್ಯೂಮಿಗೆ ತಕ್ಕಂತೆ ತಾನಾಗಿ ತಗ್ಗದ ಮಾದರಿಗಳಲ್ಲಿ ಭಾನುವಾರ ಬೆಳಿಗ್ಗೆ ಜೋರಾಗಿ ಹಚ್ಚಿದಾಗ ಅದೇ ಬೇಸ್ ರಾಡಿಯಾಗುತ್ತದೆ. ಸೋನೋಸ್ ಕಂಪನಿಯಂಥವರ ಸ್ಪೀಕರುಗಳಲ್ಲಿ ಇದು ಡಬ್ಬದಿಂದ ತೆಗೆದಾಗಲೇ ಆನ್ ಆಗಿರುತ್ತದೆ.

ಇನ್ನೊಂದು ಮಾತು. ಈಕ್ವಲೈಜರ್ ಪಟ್ಟಿಯನ್ನು ಮೇಲಕ್ಕೆ ತಳ್ಳಿದಷ್ಟೂ ಸಿಗ್ನಲ್ ತನ್ನ ಮಿತಿ ದಾಟಿ ತುದಿ ಕತ್ತರಿಸಿಕೊಳ್ಳುತ್ತದೆ. ಬೇಸ್ ಬಂದಾಗಲೆಲ್ಲ ಹಾಡುವವರ ದನಿ ಸೀಳಿದ ಹಾಗಾಗುವುದು ಇದರಿಂದಲೇ. ಎತ್ತುವುದಕ್ಕಿಂತ ಇಳಿಸುವುದು ಯಾವಾಗಲೂ ಕ್ಷೇಮ.

ಬ್ಲೂಟೂತ್ ಮೇಲಿನ ಆಪಾದನೆ

ಸರ್ವೀಸ್ ಸೆಂಟರಿನಿಂದ ಹಿಡಿದು ಪಕ್ಕದ ಮನೆ ಇಂಜಿನಿಯರ್‌ವರೆಗೆ ಎಲ್ಲರೂ ಮೊದಲು ಬೈಯುವುದು ಬ್ಲೂಟೂತನ್ನು. ಎಲ್ಲ ಬ್ಲೂಟೂತ್ ಸ್ಪೀಕರಿಗೂ ಗೊತ್ತಿರುವ ಎಸ್‌ಬಿಸಿ ಕೊಡೆಕ್ (ಹಾಡನ್ನು ಕಿರಿದಾಗಿಸಿ ಕಳಿಸುವ ವಿಧಾನ) ಕೂಡ ಉತ್ತಮ ಗುಣಮಟ್ಟದಲ್ಲಿ ಸೆಕೆಂಡಿಗೆ 328 ಕಿಲೋಬಿಟ್ ಸಾಗಿಸುತ್ತದೆ. ಅದು ಕೊಂಚ ಬಿಟ್ಟುಕೊಡುವುದು ಮೇಲ್ದನಿಯ ನಯದಲ್ಲಿ. ಬೇಸ್ ಕಲಸಿಹೋಗುವುದಕ್ಕೂ ಅದಕ್ಕೂ ಸಂಬಂಧ ತೀರಾ ಕಡಿಮೆ. ಕೊಡೆಕ್ ಬದಲಿಸಲು ಹೊಸ ಫೋನ್ ಕೊಳ್ಳುವ ಆಲೋಚನೆ ಬಿಟ್ಟುಬಿಡಿ.

ಆದರೆ ವರ್ಕ್ ಫ್ರಂ ಹೋಮ್ ಮನೆಗಳಲ್ಲಿ ಬ್ಲೂಟೂತ್ ಒಂದು ಕಿತಾಪತಿ ನಡೆಸುತ್ತದೆ. ಸ್ಪೀಕರಿನಲ್ಲಿ ಮೈಕ್ ಇದ್ದು ಲ್ಯಾಪ್‌ಟಾಪ್ ಅದನ್ನೇ ಮೀಟಿಂಗಿನ ಮೈಕ್ ಎಂದು ಹಿಡಿದುಕೊಂಡರೆ, ಸಂಪರ್ಕ ಫೋನ್ ಕರೆಯ ಮೋಡಿಗೆ ಇಳಿದುಬಿಡುತ್ತದೆ. ಸ್ಟೀರಿಯೋ ಹೋಗಿ ಮೋನೋ, ಮೇಲ್ದನಿಯೆಲ್ಲ ಮಾಯ. ಮೀಟಿಂಗ್ ಮುಗಿದ ಮೇಲೂ ಆ ಕಿಟಕಿ ಹಿಂದೆಲ್ಲೋ ತೆರೆದಿದ್ದರೆ ಹಾಡು ಹಾಗೇ ಮಂಕಾಗಿ ಬರುತ್ತಿರುತ್ತದೆ. ಸೌಂಡ್ ಸೆಟ್ಟಿಂಗಿಗೆ ಹೋಗಿ ಇನ್‌ಪುಟ್‌ಗೆ ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿ, ಮೀಟಿಂಗ್ ಆ್ಯಪ್ ಪೂರ್ತಿ ಮುಚ್ಚಿ. ಸೌಂಡಿಗೆ ಜೀವ ಬಂದದ್ದು ಆ ಕ್ಷಣದಲ್ಲೇ ಗೊತ್ತಾಗುತ್ತದೆ.

ವೈಫೈ ಸ್ಪೀಕರುಗಳದ್ದು ಬೇರೆ ಕತೆ. ಒಂದೇ ಹಾಲಿನಲ್ಲಿ ಎರಡು ಸ್ಪೀಕರ್ ಇಟ್ಟು, ಜೋಡಿ ಮಾಡದೆ ಬರೀ ಗ್ರೂಪ್ ಮಾಡಿದ್ದರೆ ಎರಡೂ ಪೂರ್ತಿ ಹಾಡನ್ನೇ ನುಡಿಸುತ್ತವೆ. ಆ್ಯಪ್‌ನಲ್ಲಿ ಸ್ಟೀರಿಯೋ ಪೇರ್ ಮಾಡಿ, ಎಡ–ಬಲ ಸರಿಯಾಗಿದೆಯೇ ನೋಡಿ. ಹಾಲಿಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲದ ಮನೆಗಳಲ್ಲಿ ಎರಡೂ ಕಡೆ ಒಟ್ಟಿಗೆ ಹಾಡಿದರೆ ಬೇಸ್ ಒಂದರೊಳಗೊಂದು ಸಿಕ್ಕಿಕೊಳ್ಳುತ್ತದೆ. ಅಡುಗೆಮನೆಯದ್ದರ ಬೇಸ್ ಇಳಿಸಿಡಿ, ಕುಕ್ಕರ್ ಕೂಗಿನ ನಡುವೆ ಅದು ಹೇಗೂ ಯಾರಿಗೂ ಬೇಕಿಲ್ಲ. ಸೌಂಡ್‌ಬಾರ್ ಇರುವವರು ಟಿವಿಯ ಸ್ವಂತ ಸ್ಪೀಕರ್ ಆಫ್ ಆಗಿದೆಯೇ ನೋಡಿಕೊಳ್ಳಿ. ಎರಡೂ ಒಟ್ಟಿಗೆ ಮಾತಾಡುತ್ತಿರುವ ಮನೆಗಳು ಬೇಕಾದಷ್ಟಿವೆ.

ಸ್ಟೂಲಿನ ಪರೀಕ್ಷೆ

ಇಷ್ಟರಲ್ಲಿ ಸರಿಹೋಗದಿದ್ದರೆ ಸ್ಪೀಕರನ್ನು ಅದರ ಜಾಗದಿಂದ ಎತ್ತಿ. ಹಾಲಿನ ನಡುವೆ, ಎಲ್ಲ ಗೋಡೆಗಳಿಂದಲೂ ದೂರ, ಒಂದು ಸ್ಟೂಲಿನ ಮೇಲಿಟ್ಟು ಅದೇ ವಾರ್ತೆ, ಅದೇ ಮೃದಂಗ ಹಾಕಿ. ಐದು ನಿಮಿಷದ ಕೆಲಸ. ಬೇಸ್ ಕೊಂಚ ಕಮ್ಮಿಯಾದರೂ ಅಕ್ಷರ ಅಕ್ಷರ ಬಿಡಿಸಿ ಕೇಳಿದರೆ ಸ್ಪೀಕರಿನದ್ದೇನೂ ತಪ್ಪಿಲ್ಲ. ನಡುಮನೆಯಲ್ಲಿಟ್ಟರೂ ಅದೇ ಗುಂಯ್, ಅದೇ ಜರ್ ಇದ್ದರೆ ಮಾತ್ರ ಸರ್ವೀಸಿನ ದಾರಿ ನೋಡಿ.

ಜಾಗ ಬದಲಾದರೆ ಇಷ್ಟು ವ್ಯತ್ಯಾಸ ಯಾಕೆ? ಕೆಳದನಿ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಬೆನ್ನಿಗೆ ಗೋಡೆ ಇದ್ದರೆ ಹಿಂದಕ್ಕೆ ಹೋದದ್ದೂ ತಿರುಗಿ ಮುಂದಕ್ಕೆ ಬರುತ್ತದೆ. ಲೆಕ್ಕದ ಪ್ರಕಾರ ಹತ್ತಿರದ ಒಂದೊಂದು ಮೇಲ್ಮೈಯೂ ಬೇಸ್‌ಗೆ 6 ಡೆಸಿಬೆಲ್‌ವರೆಗೆ (ಡೆಸಿಬೆಲ್ ಎಂದರೆ ಸದ್ದಿನ ಜೋರಿನ ಅಳತೆ) ಸೇರಿಸಬಲ್ಲದು. ಮೂಲೆಯಲ್ಲಿ ನೆಲದ ಮೇಲಿಟ್ಟರೆ ಎರಡು ಗೋಡೆ, ಒಂದು ನೆಲ, ಒಟ್ಟು ಮೂರು. ಮನೆಯಲ್ಲಿ ಅಷ್ಟೂ ಆಗದಿದ್ದರೂ ಅರ್ಧವಾದರೂ ಆಗುತ್ತದೆ, ಕೆಡಿಸಲು ಅಷ್ಟೇ ಧಾರಾಳ.

ನಮ್ಮ ಹಾಲುಗಳಲ್ಲಿ ಸ್ಪೀಕರಿಗೆ ಸಿಗುವ ಜಾಗವಾದರೂ ಎಂಥದ್ದು? ಶೋಕೇಸಿನ ಗೂಡು. ಮೂರು ಕಡೆ ಪ್ಲೈವುಡ್, ಮುಂದೆ ಮೈಸೂರಿನ ಗಂಧದ ಆನೆ, ಪಕ್ಕದಲ್ಲಿ ಶೀಲ್ಡು, ಹಿಂದೆ ಒತ್ತಿದ ವೈರು. ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಗೂಡಿನೊಳಗಿನ ಗಾಳಿಯೇ ಒಂದು ಸ್ವರ ಹಿಡಿದು ಮೊಳಗುತ್ತದೆ. ಸ್ಪೀಕರಿನ ಬೆನ್ನಲ್ಲಿ ಗಾಳಿ ಬಿಡುವ ತೂತು, ಅಂದರೆ ಪೋರ್ಟ್ ಇದ್ದರಂತೂ ಅದಕ್ಕೆ ಉಸಿರಾಡಲು ಜಾಗವೇ ಇಲ್ಲ. ಗೂಡು ಬಿಟ್ಟರೆ ಬೇರೆ ಗತಿಯಿಲ್ಲ ಎಂದಾದರೆ ಸ್ಪೀಕರನ್ನು ಗೂಡಿನ ಅಂಚಿಗೆ, ಮುಖ ಹೊರಗೆ ಚಾಚುವಷ್ಟು ಮುಂದಕ್ಕೆ ಎಳೆದು, ಹಿಂದಿನ ಖಾಲಿಗೆ ಹಳೆಯ ಬೆಡ್‌ಶೀಟೋ ಟವೆಲೋ ತುರುಕಿ. ಪೋರ್ಟಿನ ಬಾಯಿ ಮುಚ್ಚಬೇಡಿ, ಸ್ಪೀಕರಿಗೂ ಅದರ ಅಡಾಪ್ಟರಿಗೂ ಗಾಳಿ ಆಡುತ್ತಿರಲಿ.

ಹೊರಗೆ ಇಡುವವರು ಮೂಲೆ ತಪ್ಪಿಸಿ. ಹಿಂದಿನ ಗೋಡೆಯಿಂದ ಒಂದು ಗೇಣಾದರೂ ಬಿಡಿ, ಪಕ್ಕದ ಗೋಡೆಯಿಂದ ಅದಕ್ಕಿಂತ ಜಾಸ್ತಿ. ನೆಲ, ಹಿಂಗೋಡೆ, ಪಕ್ಕದ ಗೋಡೆ ಮೂರಕ್ಕೂ ಒಂದೇ ಅಂತರ ಬಾರದಂತೆ ನೋಡಿಕೊಳ್ಳಿ. ಸ್ಟೂಲಿನಿಂದ ಹಿಂದಕ್ಕೆ ಗೋಡೆಯ ಕಡೆಗೆ ಅರ್ಧರ್ಧ ಅಡಿ ಸರಿಸುತ್ತಾ ಬನ್ನಿ. ಎಲ್ಲಿ ವಾರ್ತೆ ಓದುವವರ ದನಿ ದಪ್ಪವಾಗಲು ಶುರುವಾಗುತ್ತದೋ ಅದಕ್ಕಿಂತ ಸ್ವಲ್ಪ ಮುಂದೆ ನಿಲ್ಲಿಸಿ. ನೆಲದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಡಿ, ಮನೆ ಒರೆಸುವಾಗ ಸರಿದುಹೋಗುವುದು ಖಂಡಿತ.

ಈಗ ಅದುರುವ ಸಾಮಾನು. ಫೋನಿಗೆ ಟೋನ್ ಜನರೇಟರ್ ಆ್ಯಪ್ ಯಾವುದಾದರೂ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತವೆ. ಸಣ್ಣ ವಾಲ್ಯೂಮಿನಲ್ಲಿ 40 ಹರ್ಟ್ಜಿನಿಂದ 250ರವರೆಗೆ ನಿಧಾನವಾಗಿ ಏರಿಸುತ್ತಾ ಹೋಗಿ. ಜೋರು ಮಾಡಬೇಡಿ, ಶುದ್ಧ ಕೆಳಸ್ವರ ಚಿಕ್ಕ ಸ್ಪೀಕರಿನ ಕೋನನ್ನು ಹಾಳುಮಾಡಬಲ್ಲದು. ಒಂದೊಂದು ಸ್ವರಕ್ಕೆ ಮನೆಯ ಒಂದೊಂದು ವಸ್ತು ಓಗೊಡುವುದು ಕೇಳುತ್ತದೆ: ಶೋಕೇಸಿನ ಗಾಜು, ಕಬ್ಬಿಣದ ಬೀರುವಿನ ಬಾಗಿಲು, ಸಜ್ಜದ ಮೇಲಿನ ಸ್ಟೀಲ್ ಪಾತ್ರೆ, ಸ್ಲೈಡಿಂಗ್ ಕಿಟಕಿ, ಜಿಪ್ಸಮ್ ಫಾಲ್ಸ್ ಸೀಲಿಂಗಿನೊಳಗಿನ ಲೈಟು. ಯಾರೂ ಊಹಿಸದ ಆರೋಪಿ ದೇವರಮನೆಯ ಬಾಗಿಲು. ಅದಕ್ಕೆ ಸಾಲಾಗಿ ತೂಗಿಹಾಕಿದ ಪುಟ್ಟ ಹಿತ್ತಾಳೆ ಗಂಟೆಗಳು ಹೊರಗೆ ಅಷ್ಟಾಗಿ ಕೇಳದಿದ್ದರೂ ಪ್ರತಿ ಬೇಸ್ ಏಟಿಗೂ ಸಣ್ಣಗೆ ಕಿಣಿಗುಟ್ಟಿ ಹಾಡಿನ ಮೇಲೆ ಒಂದು ಮಬ್ಬು ಹರಡುತ್ತವೆ. ಗಾಜಿನ ಅಂಚಿಗೆ ಫೆಲ್ಟ್ ಬಿಲ್ಲೆ, ಕಿಟಕಿಗೆ ರಬ್ಬರ್ ಪಟ್ಟಿ, ಪಾತ್ರೆಗಳ ನಡುವೆ ಬಟ್ಟೆ. ಟಿವಿ ಯೂನಿಟ್ ಮೇಲೆ ಅಂಗೈ ಇಟ್ಟು ನೋಡಿ, ಅದೂ ಅದುರುತ್ತಿದ್ದರೆ ಸ್ಪೀಕರಿನ ಕೆಳಗೆ ವಾಷಿಂಗ್ ಮಷಿನ್ ಕಾಲಿಗೆ ಹಾಕುವ ರಬ್ಬರ್ ಪ್ಯಾಡೋ ಹಳೆಯ ಯೋಗ ಮ್ಯಾಟಿನ ತುಂಡೋ ಇಟ್ಟರೆ ಸಾಕು.

565 ಭಾಗಿಸು ಅಡಿ

ಒಂದೇ ಸ್ವರ ಮೊಳಗುವ ತೊಂದರೆ ಇರುವವರು ಟೇಪು ತನ್ನಿ. ಮನೆಗಳನ್ನು ನಾವು ಅಡಿಯಲ್ಲೇ ಅಳೆಯುವುದರಿಂದ ಲೆಕ್ಕವೂ ಅಡಿಯಲ್ಲೇ ಇರಲಿ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಹೋಗುತ್ತದೆ. ಅದರ ಅರ್ಧ 565. ಈ 565ನ್ನು ಕೋಣೆಯ ಉದ್ದದಿಂದ ಭಾಗಿಸಿ, ಅಗಲದಿಂದ ಭಾಗಿಸಿ, ಎತ್ತರದಿಂದಲೂ ಭಾಗಿಸಿ. ಬಂದ ಸಂಖ್ಯೆಗಳು ಆ ಕೋಣೆ ತಾನಾಗಿ ಮೊಳಗುವ ಸ್ವರಗಳು, ಹರ್ಟ್ಜಿನಲ್ಲಿ. ಅವುಗಳ ಎರಡರಷ್ಟು, ಮೂರರಷ್ಟೂ ಮೊಳಗುತ್ತವೆ. 15 ಅಡಿಗೆ 38, 12 ಅಡಿಗೆ 47, 10 ಅಡಿಗೆ 56.

ಟ್ವೆಂಟಿ ತರ್ಟಿ ಸೈಟಿನಲ್ಲಿ ಕಟ್ಟಿದ ಮನೆಯ ರೂಮು ಹತ್ತಕ್ಕೆ ಹತ್ತು, ಸೂರಿನ ಎತ್ತರವೂ ಹತ್ತಡಿಯ ಆಸುಪಾಸು ಎಂದಿಟ್ಟುಕೊಳ್ಳಿ. ಉದ್ದ, ಅಗಲ, ಎತ್ತರ ಮೂರೂ ಹೇಳುವುದು 56 ಹರ್ಟ್ಜನ್ನೇ. ಅದರ ಎರಡರಷ್ಟು 113, ಮೂರರಷ್ಟು 169, ಇವೂ ಮೂರು ಮೂರು ಸಲ. ವಾಸ್ತುವಿಗೆ ಚೌಕ ಎಷ್ಟೇ ಇಷ್ಟವಾದರೂ ಬೇಸ್‌ಗೆ ಅದರಷ್ಟು ಕಷ್ಟದ ಕೋಣೆ ಇನ್ನೊಂದಿಲ್ಲ. 113 ಮತ್ತು 169 ಎರಡೂ ಗಂಡಸಿನ ದನಿಯ ಹಾದಿಯಲ್ಲೇ ಬರುವುದನ್ನು ಗಮನಿಸಿ. ಚಿಕ್ಕ ಸ್ಪೀಕರ್ 56ಕ್ಕೆ ಇಳಿಯದಿದ್ದರೂ ಇವೆರಡರಲ್ಲಿ ಸಿಕ್ಕಿಬೀಳುತ್ತದೆ. 12 ಅಡಿ ಅಗಲ, 15 ಅಡಿ ಉದ್ದದ ಹಾಲಿನಲ್ಲಿ ಈ ಸ್ವರಗಳು ಹಂಚಿಹೋಗುವುದರಿಂದ ಅಷ್ಟು ಕಾಟವಿಲ್ಲ. ಎರಡರಲ್ಲಿ ಒಂದನ್ನು ಆರಿಸುವ ಅವಕಾಶವಿದ್ದರೆ ಚೌಕದ ರೂಮಿನಿಂದ ಸ್ಪೀಕರನ್ನು ಹಾಲಿಗೆ ತನ್ನಿ.

565ನ್ನು ಭಾಗಿಸಿ ಬಂದ ಮೊದಲ ಸ್ವರವನ್ನೇ, ಅದರ ಎರಡರಷ್ಟನ್ನಲ್ಲ, ಟೋನ್ ಆ್ಯಪ್‌ನಲ್ಲಿ ಹಾಕಿ ಕೋಣೆಯಲ್ಲಿ ನಡೆದಾಡಿ. ಗೋಡೆಗೆ ಬೆನ್ನು ಕೊಟ್ಟು ನಿಂತಾಗ ಕಿವಿ ತುಂಬುವ ಸ್ವರ, ಅತ್ತ ಗೋಡೆಗೂ ಇತ್ತ ಗೋಡೆಗೂ ಸರಿ ನಡುವೆ ಬಂದಾಗ ಬಹುಮಟ್ಟಿಗೆ ಅಡಗಿಹೋಗುತ್ತದೆ. ಎರಡು ಹೆಜ್ಜೆ ಮುಂದೆ ಹೋದರೆ ಮತ್ತೆ ಏರುತ್ತದೆ. ಮೊದಲ ಸಲ ಕೇಳಿದವರು ಸ್ಪೀಕರ್ ಆಫ್ ಆಯಿತೇನೋ ಎಂದು ತಿರುಗಿ ನೋಡುವುದುಂಟು.

ಇನ್ನು ನಮ್ಮ ಸೋಫಾ ಎಲ್ಲಿರುತ್ತದೆ? ಗೋಡೆಗೆ ಅಂಟಿಕೊಂಡು. ಬೇಸ್ ಅತಿ ಹೆಚ್ಚು ಮೊಳಗುವ ಜಾಗದಲ್ಲೇ ಕೂತು ಬೇಸ್ ಜಾಸ್ತಿ ಎನ್ನುತ್ತೇವೆ. ಸೋಫಾವನ್ನು ಒಂದು, ಒಂದೂವರೆ ಅಡಿ ಮುಂದಕ್ಕೆ ಎಳೆದು ಕೂತು ನೋಡಿ. ಮನೆಯವರು ಒಪ್ಪದಿದ್ದರೆ ಪರೀಕ್ಷೆಗಾದರೂ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೇಳಿ, ಫರಕು ಕಂಡ ಮೇಲೆ ಮಾತುಕತೆ ಸುಲಭ. ಹಾಗೆಂದು ಕೋಣೆಯ ನಟ್ಟನಡುವೆ ಕೂರಬೇಡಿ, ಅಲ್ಲಿ ಬೇಸ್ ತೀರಾ ಬತ್ತಿರುತ್ತದೆ. ರೂಮಿನ ಬಾಗಿಲು ತೆರೆದಿಟ್ಟರೆ ಒಂದಷ್ಟು ಕೆಳದನಿ ಹೊರಗೆ ಹರಿದುಹೋಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ, ಆದರೂ ಯಾರೂ ಪ್ರಯತ್ನಿಸುವುದಿಲ್ಲ.

ಪರದೆ, ಫೋಮ್, ಹಾಸಿಗೆ

ಎಕೋ ಹೋಗಲಿ ಎಂದು ಜನ ಮೊದಲು ತರುವುದು ದಪ್ಪ ಪರದೆ, ಕಾರ್ಪೆಟ್, ಇಲ್ಲವೇ ಮೊಟ್ಟೆ ಟ್ರೇ ತರಹದ ಒಂದಿಂಚಿನ ಕಪ್ಪು ಫೋಮ್. ಇವು ಮೇಲ್ದನಿಯನ್ನು ಚೆನ್ನಾಗಿ ಹೀರುತ್ತವೆ, ಬೇಸನ್ನು ಮುಟ್ಟುವುದೂ ಇಲ್ಲ. ಮೇಲಿನದು ಕಡಿಮೆಯಾಗಿ ಕೆಳಗಿನದು ಹಾಗೇ ಉಳಿಯುವುದರಿಂದ ಬೇಸ್ ಮೊದಲಿಗಿಂತ ದಪ್ಪಗೆ ಕೇಳುತ್ತದೆ. ದುಡ್ಡು ಕೊಟ್ಟು ರೋಗ ಹೆಚ್ಚಿಸಿಕೊಂಡ ಹಾಗೆ. 100 ಹರ್ಟ್ಜಿನ ಒಂದು ಅಲೆಯ ಉದ್ದ 11 ಅಡಿಗೂ ಹೆಚ್ಚು. ಅದರ ಮುಂದೆ ಒಂದಿಂಚಿನ ಫೋಮ್ ಯಾವ ಲೆಕ್ಕ?

ಬೇಸ್ ಹಿಡಿಯಲು ದಪ್ಪ ಬೇಕು, ಅದೂ ಮೂಲೆಯಲ್ಲಿ. ರಾಕ್‌ವೂಲ್ (ಕಲ್ಲಿನಿಂದ ಮಾಡಿದ ನಾರು) ತುಂಬಿದ ಐದಾರು ಇಂಚಿನ ಪ್ಯಾನೆಲ್ ಮಾಡಿಸಿ, ಗೋಡೆಯಿಂದ ಸ್ವಲ್ಪ ಬಿಟ್ಟು ನಿಲ್ಲಿಸುವುದು ಸ್ಟುಡಿಯೋದವರ ದಾರಿ. ಅದಕ್ಕೆ ದುಡ್ಡು ಹಾಕುವ ಮೊದಲು ಮನೆಯಲ್ಲಿರುವ ಹತ್ತಿ ಹಾಸಿಗೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಹಗ್ಗ ಕಟ್ಟಿ, ಸ್ಪೀಕರಿನ ಹಿಂದಿನ ಎರಡು ಮೂಲೆಗಳಲ್ಲಿ ನಿಲ್ಲಿಸಿ. ಅತಿಥಿಗಳು ಬಂದಾಗ ಹಾಸಲು ಇಟ್ಟಿರುವ, ಒಂದಡಿಗೂ ದಪ್ಪಗೆ ಸುರುಳಿಯಾಗುವ ಹಾಸಿಗೆಗಳಾದರೆ ಒಳ್ಳೆಯದು. 113, 169ರ ಟೋನ್ ಹಾಕಿ, ಆಮೇಲೆ ಮೃದಂಗ ಹಾಕಿ. ಬಾಲ ಮೊಟಕಾದರೆ ಪ್ಯಾನೆಲ್ ಮಾಡಿಸುವುದರಲ್ಲಿ ಅರ್ಥವಿದೆ. ಏನೂ ವ್ಯತ್ಯಾಸ ಕಾಣದಿದ್ದರೆ ಹಾಸಿಗೆ ಅದರ ಜಾಗಕ್ಕೆ, ದುಡ್ಡು ನಿಮ್ಮ ಜೇಬಿನಲ್ಲೇ.

ಸಬ್‌ವೂಫರ್ ಇದ್ದವರಿಗೆ

ವೈರ್‌ಲೆಸ್ ಸಬ್ಬನ್ನು ಪವರ್ ಪಾಯಿಂಟ್ ಹತ್ತಿರ ಎಲ್ಲಿದೆಯೋ ಅಲ್ಲಿ ಇಡುತ್ತಾರೆ. ಜಾಗ ಹುಡುಕುವ ಹಳೆಯ ಉಪಾಯ ಇನ್ನೂ ಕೆಲಸ ಮಾಡುತ್ತದೆ. ಸಬ್ಬನ್ನು ಸೋಫಾದ ಮೇಲೆ, ನೀವು ಕೂರುವಲ್ಲಿ ಕೂರಿಸಿ. ಬೇಸ್ ಚೆನ್ನಾಗಿರುವ ಹಾಡು ಹಾಕಿ. ನೀವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯಂಚಿನಲ್ಲಿ ಸುತ್ತಿ. ಎಲ್ಲಿ ಒಂದೊಂದು ಸ್ವರವೂ ಬೇರೆಬೇರೆಯಾಗಿ, ಸಮನಾಗಿ ಕೇಳುತ್ತದೋ ಅದೇ ಸಬ್ಬಿನ ಜಾಗ. ಮನೆಯವರು ನಗುತ್ತಾರೆ, ನಗಲಿ.

ಆಮೇಲೆ ಕ್ರಾಸ್‌ಓವರ್, ಅಂದರೆ ಯಾವ ಸ್ವರದಿಂದ ಕೆಳಗಿನದು ಸಬ್ಬಿಗೆ ಹೋಗಬೇಕು ಎಂಬ ಸೆಟ್ಟಿಂಗ್. ಕಪಾಟಿನ ಮೇಲೆ ಕೂರುವ ಗಾತ್ರದ ಸ್ಪೀಕರ್ ಜೊತೆಗಿದ್ದರೆ 80 ಹರ್ಟ್ಜಿನಿಂದ ಶುರುಮಾಡಿ. ಅಂಗೈಯಗಲದ ಪುಟ್ಟ ‘ಸ್ಯಾಟಲೈಟ್’ ಸ್ಪೀಕರ್ ಆದರೆ 100–120 ಬೇಕಾಗುತ್ತದೆ. ಇದನ್ನು ಸುಮ್ಮನೆ ಏರಿಸಿಟ್ಟರೆ ಸಬ್ಬೂ ಸ್ಪೀಕರೂ ಒಂದೇ ಸ್ವರ ನುಡಿಸಿ, ಗಂಡಸಿನ ದನಿ ಸಬ್ಬಿನಿಂದ ಬರತೊಡಗುತ್ತದೆ. ಕಣ್ಣು ಮುಚ್ಚಿ ಕೂತಾಗ ಸಬ್ ಯಾವ ಮೂಲೆಯಲ್ಲಿದೆ ಎಂದು ಬೆರಳು ತೋರಿಸಬಲ್ಲಿರಾದರೆ ಕ್ರಾಸ್‌ಓವರ್ ಜಾಸ್ತಿ ಇದೆ, ಇಲ್ಲವೇ ಸಬ್ಬಿನ ವಾಲ್ಯೂಮ್ ಜಾಸ್ತಿ ಇದೆ. ಸಬ್ಬಿನ ಅಲೆಯನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ ಇದ್ದರೆ ಕ್ರಾಸ್‌ಓವರ್ ಸ್ವರದ ಟೋನ್ ಹಾಕಿ, ಕೂತಲ್ಲಿಂದಲೇ ಯಾರಿಗಾದರೂ 0, 180 ಬದಲಿಸಲು ಹೇಳಿ. ಯಾವುದರಲ್ಲಿ ಜೋರಾಗಿ, ತುಂಬಿ ಕೇಳುತ್ತದೋ ಅದನ್ನೇ ಇಟ್ಟುಕೊಳ್ಳಿ. ಹಳೆಯ ಸ್ಪೀಕರ್ ಜೋಡಿಗೆ ವೈರ್‌ಲೆಸ್ ಆಂಪ್ಲಿಫೈಯರ್ ಕೂರಿಸಿರುವವರು ಎರಡೂ ಕಡೆ ಕೆಂಪು ವೈರು ಕೆಂಪಿಗೇ, ಕಪ್ಪು ಕಪ್ಪಿಗೇ ಹೋಗಿದೆಯೇ ನೋಡಿ. ಒಂದು ಕಡೆ ಅದಲುಬದಲಾದರೂ ಬೇಸ್ ಟೊಳ್ಳಾಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಸಬ್ಬನ್ನು ಬರಿನೆಲದ ಮೇಲೆ ಇಡಬೇಡಿ, ಕೆಳಗೆ ದಪ್ಪ ರಬ್ಬರ್ ಇರಲಿ. ಹಾಡು ಗೋಡೆ ದಾಟದಿದ್ದರೂ ಬೇಸ್ ಸ್ಲ್ಯಾಬಿನೊಳಗೆ ಇಳಿಯುತ್ತದೆ. “ಹಾಡು ಯಾವುದು ಅಂತಾನೂ ಗೊತ್ತಾಗಲ್ಲ ಸಾರ್, ಬರೀ ಡಬ್ ಡಬ್ ಅಂತ ತಲೆ ಮೇಲೆ ಕುಟ್ಟಿದ ಹಾಗಾಗುತ್ತೆ” ಎಂದು ಕೆಳಮನೆಯವರು ಲಿಫ್ಟಿನಲ್ಲಿ ಹೇಳುವುದು ಇದನ್ನೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್, ಹಗಲು 55.

ಈಕ್ವಲೈಜರ್ ಕೊನೆಗೆ

ಜಾಗ, ಸೋಫಾ, ಸಬ್ ಎಲ್ಲ ನಿಂತ ಮೇಲೆ ಮಾತ್ರ ಈಕ್ವಲೈಜರ್ ಮುಟ್ಟಿ. ಸ್ಪೀಕರಿನ ಆ್ಯಪ್‌ನಲ್ಲಿರುವ ಒಂದನ್ನೇ ಬಳಸಿ, ಫೋನಿನದ್ದು ಆಫ್ ಆಗಿಯೇ ಇರಲಿ. 125 ಮತ್ತು 250ರ ಪಟ್ಟಿಗಳನ್ನು ಎರಡು ಮೂರು ಡೆಸಿಬೆಲ್ ಇಳಿಸಿ ವಾರ್ತೆ ಕೇಳಿ. ಬರೀ ‘ಬೇಸ್’ ಪಟ್ಟಿ ಒಂದೇ ಇರುವ ಆ್ಯಪ್ ಆದರೆ ಒಂದೆರಡು ಗೆರೆ ಇಳಿಸಿ, ಅಷ್ಟಕ್ಕೇ ಬಿಡಿ. ಬೇಕಾದ ಸ್ವರವನ್ನೇ ಆರಿಸಿ ಇಳಿಸುವ ಸೌಲಭ್ಯವಿದ್ದರೆ ನಿಮ್ಮ ಕೋಣೆಯ 565 ಲೆಕ್ಕದ ಸ್ವರಕ್ಕೆ ಸಣ್ಣ ಅಗಲದ ಒಂದು ತಗ್ಗು ಕೊಡಿ. ಬತ್ತಿದ ಸ್ವರವನ್ನು ಎತ್ತಿ ತುಂಬಲು ಹೋಗಬೇಡಿ. ಗೋಡೆಗೆ ಬಡಿದು ವಾಪಸ್ ಬಂದ ಅಲೆಯೇ ಅದನ್ನು ಅಳಿಸುತ್ತಿದೆ, ನೀವು ಎಷ್ಟು ಸುರಿದರೂ ಅಳಿಸುತ್ತದೆ. ದಣಿಯುವುದು ಆಂಪ್ಲಿಫೈಯರ್.

ಕೆಲವು ಸ್ಪೀಕರುಗಳು ಕೋಣೆಯನ್ನು ತಾವೇ ಅಳೆದುಕೊಳ್ಳುತ್ತವೆ. ಆ್ಯಪಲ್‌ನ ಹೋಮ್‌ಪಾಡ್, ಅಮೆಜಾನ್‌ನ ಎಕೋ ಸ್ಟುಡಿಯೋ ತಮ್ಮ ಮೈಕುಗಳಿಂದಲೇ ಈ ಕೆಲಸ ಮಾಡುತ್ತವೆ. ಸೋನೋಸ್‌ನ ಟ್ರೂಪ್ಲೇಯಲ್ಲಿ ಹಳೆಯ ಮಾದರಿಗಳಿಗೆ ಐಫೋನೋ ಐಪ್ಯಾಡೋ ಹಿಡಿದು ಮೇಲೆ ಕೆಳಗೆ ಆಡಿಸುತ್ತಾ ಕೋಣೆ ಸುತ್ತಬೇಕು. ಫ್ಯಾನ್, ಎಸಿ ಆಫ್ ಮಾಡಿ. ಬೀದಿಯಲ್ಲಿ ರೆಕಾರ್ಡ್ ಹಾಕಿಕೊಂಡು ಬರುವ ತರಕಾರಿ ಗಾಡಿ ದಾಟಿ ಹೋಗಲಿ, ಕುಕ್ಕರ್ ಇಳಿಯಲಿ, ಆಮೇಲೆ ಶುರುಮಾಡಿ. ಸ್ಪೀಕರನ್ನು ಜರುಗಿಸಿದರೆ, ಸೋಫಾ ಬದಲಿಸಿದರೆ ಮತ್ತೆ ಅಳೆಸಬೇಕು. ಆದರೆ ಶೋಕೇಸಿನ ಗೂಡಿನೊಳಗೇ ಇಟ್ಟು ಟ್ಯೂನ್ ಮಾಡಿ ಪವಾಡ ನಿರೀಕ್ಷಿಸಬೇಡಿ. ಸಾಫ್ಟ್‌ವೇರ್ ಬೇಸಿನ ಮಟ್ಟವನ್ನು ಇಳಿಸಬಲ್ಲದು, ಪ್ಲೈವುಡ್ಡಿನ ಮೊಳಗನ್ನು ಅಲ್ಲ.

ಅಳೆದೇ ನೋಡಬೇಕು ಎನ್ನುವ ಹಟದವರಿಗೆ ರೂಮ್ ಇಕ್ಯೂ ವಿಜಾರ್ಡ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದಕ್ಕೆ ಯುಮಿಕ್–1ರಂಥ ಯುಎಸ್‌ಬಿ ಮೈಕ್ ಬೇಕು. ಫೋನಿನ ಮೈಕ್ ಕೆಳದನಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ಅದರ ಗೆರೆ ನಂಬಿ ಈಕ್ವಲೈಜರ್ ತಿರುಗಿಸಬೇಡಿ.

ಸ್ಟೂಲಿನ ಪರೀಕ್ಷೆಯಲ್ಲೂ ಜರ್ ಎಂದವರು ಅಂಗಡಿಗೆ ಹೋಗುವ ಮೊದಲು ಇನ್ನೆರಡು ನೋಡಿ. ಬ್ಯಾಟರಿ ಸ್ಪೀಕರ್ ಆದರೆ ಚಾರ್ಜ್ ತಗ್ಗಿದಾಗ ಕೆಲವು ಮಾದರಿಗಳು ಬೇಸ್ ಮೊಟಕು ಮಾಡುತ್ತವೆ, ತುಂಬಿಸಿ ಮತ್ತೊಮ್ಮೆ ಕೇಳಿ. ಕೋನಿನ ಸುತ್ತಲಿನ ಅಂಚು ಹರಿದಿದೆಯೇ, ಹಳೆಯ ಸ್ಪೀಕರಾದರೆ ಅಂಚಿನ ಫೋಮ್ ಪುಡಿಯಾಗಿ ಉದುರುತ್ತಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಫೋಮ್ ಮಾತ್ರ ಹೋಗಿದ್ದರೆ ಹೊಸ ಅಂಚು ಕೂರಿಸಿಕೊಡುವ ರಿಪೇರಿಯವರು ಇನ್ನೂ ಇದ್ದಾರೆ, ಬೆಂಗಳೂರಿನ ಎಸ್.ಪಿ. ರೋಡಿನ ಕಡೆ ವಿಚಾರಿಸಿ. ವಾರಂಟಿ ಇರುವ ಹೊಸದಾದರೆ ನೀವು ಬಿಚ್ಚಬೇಡಿ. ನಡುಮನೆಯಲ್ಲಿ ಸ್ಟೂಲಿನ ಮೇಲಿಟ್ಟು, ಯಾವ ಹರ್ಟ್ಜಿಗೆ ಜರ್ ಬರುತ್ತದೋ ಆ ಟೋನ್ ಹಾಕಿ, ಫೋನಿನಲ್ಲಿ ವಿಡಿಯೋ ತೆಗೆದಿಟ್ಟುಕೊಳ್ಳಿ. ಕೌಂಟರಿನಲ್ಲಿ “ನಮ್ಮತ್ರ ಚೆನ್ನಾಗೇ ಬರ್ತಿದೆಯಲ್ಲ ಮೇಡಂ” ಎಂದಾಗ ತೋರಿಸಲು ಬೇಕಾಗುತ್ತದೆ.